ನೇರ ದಾರಿಯಲ್ಲೂ ಬಿಗಿಯುತ್ತಿದ್ದ ಫೋರ್‌ವ್ಹೀಲ್: ಒಂದು ಎಂಎಂ 540 ಜೀಪಿನ ಪ್ರಕರಣ

ಹಿನ್ನೆಲೆ

ಚಿಕ್ಕಮಗಳೂರು ಜಿಲ್ಲೆಯ ಘಟ್ಟದಂಚಿನ ಒಂದು ಕಾಫಿ ತೋಟ. ಮೇಲಿನ ಬ್ಲಾಕುಗಳಲ್ಲಿ ಅರೇಬಿಕಾ, ಹಳ್ಳದ ಬದಿಗೆ ರೊಬಸ್ಟಾ. ಮನೆ ಮತ್ತು ಕಣ ಇರುವುದು ಮಧ್ಯದ ದಿಬ್ಬದ ಮೇಲೆ. ಕೆಳಗಿನ ಬ್ಲಾಕಿನಿಂದ ಕಣಕ್ಕೆ ಹಣ್ಣು ತರುವ ದಾರಿ ಕಡಿದಾದ ಏರು. ಬೇಸಿಗೆಯಲ್ಲಿ ಗಟ್ಟಿ ಜಂಬಿಟ್ಟಿಗೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಾರುವ ಕೆಸರು. ಏರಿನ ಕೊನೆಯ ಭಾಗಕ್ಕೆ ಮಾಲೀಕರು ಚಕ್ರದ ಅಗಲಕ್ಕೆ ಎರಡು ಸಾಲು ಕಾಂಕ್ರೀಟ್ ಹಾಕಿಸಿದ್ದರು. ಈ ಕಾಂಕ್ರೀಟ್ ಮುಂದೆ ಮುಖ್ಯವಾಗುತ್ತದೆ.

ಈ ಕೆಲಸಕ್ಕೆಂದು ಅವರು ಕೊಂಡದ್ದು 1990ರ ದಶಕದ ಒಂದು ಮಹೀಂದ್ರ ಎಂಎಂ 540. ಪ್ಯೂಜೋ ಮೂಲದ 2112 ಸಿಸಿ ಡೀಸೆಲ್ ಎಂಜಿನ್, ಸುಮಾರು 62 ಅಶ್ವಶಕ್ತಿ, ನಾಲ್ಕು ಗೇರು, 6.00-16 ಟೈರು, ಮುಂದಿನ ಚಕ್ರಗಳಿಗೆ ಹೊರಗಿನಿಂದ ಹಾಕಿಸಿದ ಹಬ್ ಲಾಕ್ (ಚಕ್ರವನ್ನು ಆಕ್ಸಲ್ಲಿಗೆ ಸೇರಿಸುವ, ಬಿಡಿಸುವ ಬೀಗ). ಬ್ರೋಕರ್ ಮೂಲಕ ಬಂದ ಗಾಡಿ. ಕಾಗದಪತ್ರ ಸರಿಯಾಗಿತ್ತು, 15 ವರ್ಷ ದಾಟಿದ ಮೇಲೆ ಎಫ್‌ಸಿ ಆಗಿ ಆರ್‌ಸಿ ನವೀಕರಣವೂ ಆಗಿತ್ತು, ಎಂಜಿನ್ ಮತ್ತು ಚಾಸಿ ನಂಬರ್ ತಾಳೆಯಾಗುತ್ತಿದ್ದವು. ಎಂಜಿನ್ ಹೊಗೆ ಇಲ್ಲದೆ ಸ್ಟಾರ್ಟ್ ಆಗುತ್ತಿತ್ತು. ಟಾರ್ ರಸ್ತೆಯಲ್ಲಿ ಓಡಿಸಿ ನೋಡಿದಾಗ ಆ ವಯಸ್ಸಿನ ಜೀಪಿಗೆ ಹೋಲಿಸಿದರೆ ಸದ್ದು ಕಡಿಮೆ ಅನ್ನಿಸಿತ್ತು. ಕೊಳ್ಳುವಾಗ ಫೋರ್‌ವ್ಹೀಲ್ ಲಿವರ್ (ನಾಲ್ಕೂ ಚಕ್ರಗಳಿಗೆ ಎಂಜಿನ್ ಶಕ್ತಿ ಹರಿಸುವ ಲಿವರ್) ಹಾಕಿ ತೆಗೆದು ನೋಡಿದ್ದು ನಿಂತಲ್ಲೇ. ಹಾಕಿ ಓಡಿಸಿ ನೋಡಿರಲಿಲ್ಲ.

ಈ ಜೀಪುಗಳ ಇತಿಹಾಸವನ್ನು ಇಲ್ಲಿ ಸ್ವಲ್ಪ ಹೇಳಲೇಬೇಕು, ತೊಂದರೆಯ ಬೇರು ಅಲ್ಲೇ ಇದೆ. ಅಮೆರಿಕದ ಸೇನೆಗಾಗಿ 1940–41ರಲ್ಲಿ ರೂಪುಗೊಂಡ ವಿಲ್ಲೀಸ್ ಜೀಪನ್ನು ಮಹೀಂದ್ರ ಕಂಪನಿ 1940ರ ದಶಕದ ಕೊನೆಯಲ್ಲಿ ಮುಂಬೈಯ ಮಜಗಾಂವ್‌ನಲ್ಲಿ ಜೋಡಿಸಲು ಶುರುಮಾಡಿತು. ಎತ್ತರದ ಬಾನೆಟ್ಟಿನ ಸಿಜೆ-3ಬಿ ಅಮೆರಿಕದಲ್ಲಿ 1953ರಿಂದ 1968ರವರೆಗೆ ತಯಾರಾಗಿ ನಿಂತುಹೋಯಿತು. ಇಲ್ಲಿ ಮಾತ್ರ ಅದೇ ಅಡಿಪಾಯದ ಮೇಲೆ ಪೆಟ್ರೋಲ್ ಹೋಗಿ ಡೀಸೆಲ್ ಬಂತು, ಚಾಸಿ ಉದ್ದವಾಯಿತು, ಹೆಸರುಗಳು ಬದಲಾದವು. ದಶಕಗಳುದ್ದಕ್ಕೂ ಹೌಸಿಂಗ್ (ಆಕ್ಸಲ್ಲಿನ ಹೊರಗವಚ), ಟ್ರಾನ್ಸ್‌ಫರ್ ಕೇಸ್ (ಎಂಜಿನ್ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ), ಹಬ್, ಸ್ಪ್ರಿಂಗ್ ಎಲ್ಲವೂ ಒಂದೇ ಮನೆತನದವು. ಹಾಗಾಗಿ ಒಂದು ಮಾದರಿಯ ಹಿಂದಿನ ಹೌಸಿಂಗನ್ನು ಇನ್ನೊಂದಕ್ಕೆ ಸಣ್ಣಪುಟ್ಟ ಕೆಲಸದಲ್ಲಿ ಕೂರಿಸಬಹುದು. ಮಲೆನಾಡಿನಲ್ಲಿ ಈ ಜೀಪುಗಳು ಇವತ್ತಿಗೂ ಓಡುತ್ತಿರುವುದಕ್ಕೆ ಇದೇ ದೊಡ್ಡ ಕಾರಣ. ಗುಜರಿಯಲ್ಲಿ ಸಾಮಾನು ಸಿಗುತ್ತದೆ, ಸಿಕ್ಕಿದ್ದು ಕೂರುತ್ತದೆ. ಆದರೆ ಹೊರಗಿನಿಂದ ಒಂದೇ ಥರ ಕಾಣುವ ಹೌಸಿಂಗಿನ ಒಳಗೆ ಮಾದರಿಗೊಂದು ಲೆಕ್ಕದ ಹಲ್ಲಿನ ಕ್ರೌನ್-ಪಿನಿಯನ್ (ಶಾಫ್ಟಿನ ಸುತ್ತನ್ನು ಚಕ್ರಗಳಿಗೆ ದಾಟಿಸುವ ದೊಡ್ಡ ಮತ್ತು ಸಣ್ಣ ಗೇರಿನ ಜೋಡಿ) ಇರುತ್ತದೆ. ಅದು ಆರ್‌ಸಿಯಲ್ಲಿ ದಾಖಲಾಗುವುದಿಲ್ಲ, ಎಫ್‌ಸಿ ಮಾಡುವವರು ನೋಡುವುದೂ ಇಲ್ಲ.

ತೊಂದರೆ

ಮೊದಲ ಮಳೆಗಾಲದಲ್ಲೇ ಶುರುವಾಯಿತು. ಫೋರ್‌ವ್ಹೀಲ್ ಹಾಕಿ ಏರು ಹತ್ತಿ ಕಾಂಕ್ರೀಟ್ ಸಾಲಿಗೆ ಬರುತ್ತಿದ್ದಂತೆ ಯಾರೋ ಬ್ರೇಕ್ ಹಿಡಿದಂತೆ ಗಾಡಿ ಭಾರವಾಗುತ್ತಿತ್ತು. ಕಣದಲ್ಲಿ ನಿಲ್ಲಿಸಿ ಲಿವರ್ ತೆಗೆಯಲು ಹೋದರೆ ಅದು ಅಲ್ಲಾಡುತ್ತಲೇ ಇರಲಿಲ್ಲ. ಹತ್ತು ಅಡಿ ರಿವರ್ಸ್ ತೆಗೆದುಕೊಂಡು, ಕ್ಲಚ್ ಒತ್ತಿ, ಎರಡೂ ಕೈಯಲ್ಲಿ ಎಳೆದರೆ ಟಕ್ ಎಂದು ಬಿಡುತ್ತಿತ್ತು. ಎರಡು ತಿಂಗಳೊಳಗೆ ಮುಂದಿನ ಪ್ರೊಪೆಲ್ಲರ್ ಶಾಫ್ಟಿನ (ಟ್ರಾನ್ಸ್‌ಫರ್ ಕೇಸಿನಿಂದ ಆಕ್ಸಲ್ಲಿಗೆ ಹೋಗುವ ಉದ್ದ ಶಾಫ್ಟು) ಕ್ರಾಸ್, ಅಂದರೆ ಅದರ ಬಾಗುವ ಕೀಲು, ಒಡೆಯಿತು.

ಮೊದಲ ಗ್ಯಾರೇಜಿನ ಉತ್ತರ: "ಜೀಪ್ ಅಂದ್ಮೇಲೆ ಇದು ಇದ್ದದ್ದೇ. ಗಟ್ಟಿ ನೆಲದಲ್ಲಿ ಫೋರ್‌ವ್ಹೀಲ್ ಹಾಕ್ಬಾರ್ದು."

ಈ ಮಾತು ಅರ್ಧ ನಿಜ. ಅರ್ಧ ನಿಜವಾಗಿದ್ದರಿಂದಲೇ ಎಲ್ಲರನ್ನೂ ಎರಡು ವರ್ಷ ದಾರಿ ತಪ್ಪಿಸಿತು. ಈ ಜೀಪುಗಳ ಟ್ರಾನ್ಸ್‌ಫರ್ ಕೇಸಿನಲ್ಲಿ ಮುಂದಿನ ಮತ್ತು ಹಿಂದಿನ ಶಾಫ್ಟುಗಳ ನಡುವೆ ವೇಗದ ವ್ಯತ್ಯಾಸಕ್ಕೆ ಅವಕಾಶ ಕೊಡುವ ಡಿಫರೆನ್ಷಿಯಲ್ ಇಲ್ಲ. ಫೋರ್‌ವ್ಹೀಲ್ ಹಾಕಿದರೆ ಎರಡು ಶಾಫ್ಟುಗಳೂ ಒಂದೇ ವೇಗದಲ್ಲಿ ತಿರುಗಲೇಬೇಕು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಕ್ರಮಿಸುತ್ತವೆ. ಕೆಸರಿನಲ್ಲಾದರೆ ಆ ವ್ಯತ್ಯಾಸ ಜಾರಿಹೋಗುತ್ತದೆ. ಟಾರು, ಕಾಂಕ್ರೀಟಿನ ಮೇಲೆ ಜಾರಲು ಜಾಗವಿಲ್ಲದೆ ಶಾಫ್ಟು, ಆಕ್ಸಲ್, ಕ್ರಾಸುಗಳಲ್ಲಿ ತಿರುಚಾಗಿ ಸೇರಿಕೊಳ್ಳುತ್ತದೆ. ಸರಿಯಾಗಿರುವ ಜೀಪಿನಲ್ಲೂ ಇದು ಆಗುತ್ತದೆ. ಆದರೆ ಅದು ತಿರುವಿನಲ್ಲಿ ಆಗುವಂಥದ್ದು. ಸ್ಟಿಯರಿಂಗ್ ನೇರವಿದ್ದಾಗ ಸರಿಯಿರುವ ಜೀಪು ಬಿಗಿಯುವುದಿಲ್ಲ. ಇಲ್ಲಿ ಕಾಂಕ್ರೀಟ್ ಸಾಲು ಪೂರ್ತಿ ನೇರವಾಗಿತ್ತು. ಯಾರೂ ಅದನ್ನು ಗಮನಕ್ಕೆ ತಂದುಕೊಳ್ಳಲಿಲ್ಲ.

ಏನೇನು ಮಾಡಿ ನೋಡಿದರು

ಮುಂದಿನ ಕ್ರಾಸ್ ಮೂರು ಸಲ ಬದಲಾಯಿತು. ಎರಡನೆಯ ಸಲ ಸ್ಥಳೀಯ ಸಾಮಾನು ಬೇಡವೆಂದು ಹೆಚ್ಚಿನ ಬೆಲೆಯದನ್ನು ತರಿಸಿದರು. ಅದು ಸ್ವಲ್ಪ ಹೆಚ್ಚು ದಿನ ಬಾಳಿತು, ಅಷ್ಟೇ. ಮೂರನೆಯ ಸಲ ಕಳಚಿದಾಗ ಕ್ರಾಸಿನ ಸೂಜಿ ಬೇರಿಂಗುಗಳು ಅದರ ತೋಳಿನ ಮೇಲೆ ಗೀರು ಕೊರೆದಿದ್ದವು, ಅದೂ ಒಂದೇ ಬದಿಯಲ್ಲಿ. ಮುಂದಕ್ಕೆ ಎಳೆಯುವ ಶಾಫ್ಟಿನಲ್ಲಿ ಒತ್ತಡ ಬೀಳುವ ಬದಿ ಅದಲ್ಲ, ಅದರ ಎದುರಿನದು. ಮುಂದಿನ ಶಾಫ್ಟು ಚಕ್ರವನ್ನು ಎಳೆಯುತ್ತಿರಲಿಲ್ಲ, ಚಕ್ರವೇ ಶಾಫ್ಟನ್ನು ತಳ್ಳುತ್ತಿತ್ತು ಎಂಬುದರ ಗುರುತು ಇದು. ಹಳೆಯ ಕ್ರಾಸನ್ನು ಒರೆಸಿ ನೋಡಿದ್ದರೆ ಅಂದೇ ಅರ್ಧ ಪತ್ತೆಯಾಗುತ್ತಿತ್ತು. ಅದು ಗುಜರಿ ಡಬ್ಬ ಸೇರಿತು.

ಆಮೇಲೆ ಟ್ರಾನ್ಸ್‌ಫರ್ ಕೇಸ್ ಬಿಚ್ಚಿದರು. ಲಿವರನ್ನು ಬಲವಂತವಾಗಿ ಎಳೆದೆಳೆದು ಶಿಫ್ಟ್ ಫೋರ್ಕ್ (ಗೇರನ್ನು ಸರಿಸುವ ಕವೆ) ಬಾಗಿತ್ತು, ಮಧ್ಯದ ಗೇರಿನ ಹಲ್ಲಿನ ಮೇಲೆ ಸಣ್ಣ ಗುಳಿಗಳೆದ್ದಿದ್ದವು. ಫೋರ್ಕ್, ಬೇರಿಂಗ್, ಸೀಲ್ ಬದಲಾಯಿಸಿ ಇಪಿ 90 ಗೇರ್ ಎಣ್ಣೆ ಹಾಕಿ ಮುಚ್ಚಿದರು. ಗೇರನ್ನು ಹಾಗೇ ಬಿಟ್ಟರು. ಬಾಗಿದ ಫೋರ್ಕ್ ಸಿಕ್ಕಿದ್ದರಿಂದ ರೋಗವೇ ಸಿಕ್ಕಿತು ಎಂದು ಎಲ್ಲರಿಗೂ ಸಮಾಧಾನವಾಯಿತು. ಫೋರ್ಕ್ ಬಾಗಿದ್ದು ಬಿಗಿತದಿಂದ, ಬಿಗಿತ ಬಂದದ್ದು ಫೋರ್ಕಿನಿಂದಲ್ಲ. ಹಳೆಯ ಗಾಡಿಗಳಲ್ಲಿ ಈ ಅದಲುಬದಲು ಬಹಳ ಆಗುತ್ತದೆ: ಬಿಚ್ಚಿದಲ್ಲೆಲ್ಲ ಸವೆದ ಸಾಮಾನು ಸಿಗುತ್ತದೆ, ಮೊದಲು ಸಿಕ್ಕಿದ್ದೇ ಕಾರಣವೆಂದು ಕೈ ತೊಳೆಯುತ್ತಾರೆ.

ಮೂರನೆಯದು ಟೈರು. ಮುಂದಿನವು ಸವೆದಿದ್ದವು, ಹಿಂದಿನವು ಹೊಸತರ ಹಾಗಿದ್ದವು. ಸುತ್ತಳತೆ ಬೇರೆಯಾದರೆ ನೇರ ದಾರಿಯಲ್ಲೂ ಬಿಗಿಯುತ್ತದೆ ಎಂಬ ತರ್ಕ ಸರಿಯೇ. ಎರಡನೆಯ ಗ್ಯಾರೇಜಿನಲ್ಲಿ ಈ ಮಾತು ಹೇಳಿದವರು ಸರಿಯಾದ ದಿಕ್ಕಿಗೇ ಕೈ ತೋರಿಸಿದ್ದರು. ಆದರೆ ಅಳೆದು ನೋಡದೆ ನಾಲ್ಕೂ ಟೈರು ಹೊಸದು ಹಾಕಿಸಿದರು. ತೊಂದರೆ ಕಡಿಮೆಯಾಗುವ ಬದಲು ಹೆಚ್ಚಾಯಿತು. ಹೊಸ ಲಗ್ ಟೈರುಗಳು ಕಾಂಕ್ರೀಟನ್ನು ಹಳೆಯವಕ್ಕಿಂತ ಗಟ್ಟಿಯಾಗಿ ಕಚ್ಚುತ್ತಿದ್ದವು. ಮೊದಲು ಅಷ್ಟಿಷ್ಟು ಜಾರಿ ಹೋಗುತ್ತಿದ್ದದ್ದು ಈಗ ಪೂರ್ತಿ ಶಾಫ್ಟಿನ ಮೇಲೆ ಬಿತ್ತು. ಮೂರನೆಯ ಕ್ರಾಸ್ ಒಡೆದದ್ದು ಇದಾದ ಮೂರನೆಯ ವಾರ.

ಅಷ್ಟರಲ್ಲಿ ಅಪಾಯದ ಘಟನೆಯೊಂದು ನಡೆಯಿತು. ಮಳೆ ಬಿದ್ದ ಬೆಳಿಗ್ಗೆ ಗೊಬ್ಬರದ ಮೂಟೆ ಹೇರಿಕೊಂಡು, ಫೋರ್‌ವ್ಹೀಲ್ ಹಾಕಿ, ಲೋ ಗೇರಿನಲ್ಲಿ ಇಳಿಜಾರು ಇಳಿಯುತ್ತಿದ್ದಾಗ ಸ್ಟಿಯರಿಂಗ್ ತಿರುಗಿಸಿದರೂ ಗಾಡಿ ನೇರವಾಗಿ ಜಾರಿ ಸಿಲ್ವರ್ ಓಕ್ ಮರಕ್ಕೆ ಒರಗಿ ನಿಂತಿತು. ಬಂಪರ್ ಬಾಗಿತು, ಯಾರಿಗೂ ಪೆಟ್ಟಾಗಲಿಲ್ಲ. ಡ್ರೈವರ್ ಬ್ರೇಕ್ ಒತ್ತಿಯೇ ಇರಲಿಲ್ಲ. ಮಾಲೀಕರು ಇನ್ನು ಅಂದಾಜಿನ ರಿಪೇರಿ ಬೇಡ ಎಂದು ನಿರ್ಧರಿಸಿದ್ದು ಇಲ್ಲಿ. ಎಂಜಿನ್ ಹಿಡಿತದಲ್ಲಿ ಇಳಿಯುವಾಗ ಸ್ಟಿಯರಿಂಗ್ ಮಾತು ಕೇಳದ ಜೀಪನ್ನು ತೋಟದಲ್ಲಿ ಓಡಿಸುವಂತಿಲ್ಲ.

ಮೀಟರ್ ಹೇಳುತ್ತಿದ್ದದ್ದು

ಮೂರನೆಯ ಮೇಸ್ತ್ರಿ ಹಳೆಯ ಜೀಪುಗಳನ್ನೇ ಮಾಡಿಕೊಂಡು ಬಂದವರು. ಅವರು ಸ್ಪ್ಯಾನರ್ ಮುಟ್ಟುವ ಮೊದಲು ಡ್ರೈವರನ್ನು ಕೂರಿಸಿಕೊಂಡು ಗಾಡಿಯ ಬಗ್ಗೆ ಗೊತ್ತಿರುವುದನ್ನೆಲ್ಲ ಹೇಳಿಸಿದರು, ತೊಂದರೆಗೆ ಸಂಬಂಧವಿಲ್ಲ ಅನ್ನಿಸಿದ್ದನ್ನೂ.

"ಮೀಟರ್ ಕಮ್ಮಿ ತೋರ್ಸುತ್ತೆ ಅಣ್ಣಾ. ಸಾಹುಕಾರ್ರಿಗೂ ಹೇಳಿದ್ದೆ. ಪೇಟೆಗೆ 24 ಕಿಲೋಮೀಟರು, ಇದ್ರಲ್ಲಿ 22 ಕೂಡ ಆಗಲ್ಲ."

ಸ್ಪೀಡೋಮೀಟರ್ ಕೇಬಲ್ ಹೊರಡುವುದು ಟ್ರಾನ್ಸ್‌ಫರ್ ಕೇಸಿನ ಹಿಂದಿನ ಶಾಫ್ಟಿನಿಂದ. ಅದು ಎಣಿಸುವುದು ಚಕ್ರದ ಸುತ್ತನ್ನಲ್ಲ, ಪ್ರೊಪೆಲ್ಲರ್ ಶಾಫ್ಟಿನ ಸುತ್ತನ್ನು. ಟೈರು ಸರಿಯಾದ ಅಳತೆಯದಾಗಿದ್ದೂ ಮೀಟರ್ ಸುಮಾರು ಹತ್ತನೇ ಒಂದು ಭಾಗ ಕಡಿಮೆ ತೋರಿಸಿದರೆ, ಅಷ್ಟು ದೂರಕ್ಕೆ ಶಾಫ್ಟು ತಿರುಗಬೇಕಾದ್ದಕ್ಕಿಂತ ಕಡಿಮೆ ತಿರುಗುತ್ತಿದೆ ಎಂದೇ ಅರ್ಥ. ಅಂದರೆ ಹಿಂದಿನ ಕ್ರೌನ್-ಪಿನಿಯನ್ ಆ ಮೀಟರ್ ಗೇರಿಗೆ ಹೊಂದುವಂಥದ್ದಲ್ಲ. ಕೊಳ್ಳುವಾಗ ಸದ್ದು ಕಡಿಮೆ ಅನ್ನಿಸಿದ್ದಕ್ಕೂ ಇದೇ ಕಾರಣ. ಅದೇ ವೇಗಕ್ಕೆ ಎಂಜಿನ್ ನಿಧಾನವಾಗಿ ತಿರುಗುತ್ತಿತ್ತು.

ಮೇಸ್ತ್ರಿ ಮೊದಲು ಟೈರಿನ ಅನುಮಾನ ಕಳೆದುಕೊಂಡರು. ನಾಲ್ಕಕ್ಕೂ ಒಂದೇ ಗಾಳಿ ಹಾಕಿ, ಟೂವ್ಹೀಲ್‌ನಲ್ಲಿ ಇಟ್ಟು, ಕಣದ ಸಿಮೆಂಟಿನ ಮೇಲೆ ಟೈರಿಗೂ ನೆಲಕ್ಕೂ ಸೀಮೆಸುಣ್ಣದ ಗೆರೆ ಎಳೆದು, ಹತ್ತು ಸುತ್ತು ತಳ್ಳಿ ಅಳೆದರು. ಮುಂದಿನ ಮತ್ತು ಹಿಂದಿನ ಚಕ್ರಗಳು ಎರಡೂ 22 ಮೀಟರಿನ ಹತ್ತಿರ, ನಡುವೆ ಒಂದು ಗೇಣಿನಷ್ಟೂ ಅಂತರವಿಲ್ಲ. ಟೈರು ಕಾರಣವಲ್ಲ.

ನಂತರ ಹಬ್ ಲಾಕ್ ಹಾಕಿ, ಫೋರ್‌ವ್ಹೀಲ್ ಹಾಕಿ, ಅದೇ ಕಣದಲ್ಲಿ ಸ್ಟಿಯರಿಂಗ್ ಕದಲಿಸದೆ ನಡಿಗೆಯ ವೇಗದಲ್ಲಿ 20 ಮೀಟರ್ ಓಡಿಸಿದರು. ಲಿವರ್ ಕಚ್ಚಿಕೊಂಡಿತು. ಜಾಕಿ ಕೊಟ್ಟು ಮುಂದಿನ ಒಂದು ಚಕ್ರ ನೆಲ ಬಿಡುತ್ತಿದ್ದಂತೆ ಅದು ತಾನಾಗಿ ಸರ್ರನೆ ತಿರುಗಿ ನಿಂತಿತು. ಸೇರಿಕೊಂಡಿದ್ದ ತಿರುಚು ಬಿಟ್ಟದ್ದು ಹಾಗೆ. ಈ ಪರೀಕ್ಷೆ ಮಾಡುವವರು ಚಕ್ರದ ಹತ್ತಿರ ಕೈ ಇಡಬಾರದು. ನಟ್ಟಿಗೆ ಸ್ಪ್ಯಾನರ್ ಸಿಕ್ಕಿಸಿ ಬಿಟ್ಟಿದ್ದರೆ ಅದು ಮುಖಕ್ಕೇ ಬರುತ್ತದೆ.

ಹಲ್ಲು ಎಣಿಸದೆ ಅನುಪಾತ ಎಣಿಸುವುದು

ಹೌಸಿಂಗ್ ಬಿಚ್ಚದೆ ಅನುಪಾತ (ಕ್ರೌನಿನ ಒಂದು ಸುತ್ತಿಗೆ ಶಾಫ್ಟು ಎಷ್ಟು ಸುತ್ತು ಎಂಬುದು) ಪತ್ತೆಮಾಡುವ ಕ್ರಮ ಸರಳ. ಆದರೆ ತಪ್ಪಲು ನಾಲ್ಕು ದಾರಿಗಳಿವೆ. ಈ ಗಾಡಿಯಲ್ಲಿ ಮಾಡಿದ್ದು ಹೀಗೆ.

ಟ್ರಾನ್ಸ್‌ಫರ್ ಕೇಸನ್ನು ನ್ಯೂಟ್ರಲ್‌ಗೆ ತಂದರು. ಇಂಥ ಹಳೆಯ ಜೀಪಿನ ಹ್ಯಾಂಡ್‌ಬ್ರೇಕ್ ಡ್ರಮ್ ಇರುವುದು ಚಕ್ರದಲ್ಲಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂಭಾಗದಲ್ಲಿ. ಹ್ಯಾಂಡ್‌ಬ್ರೇಕ್ ಹಾಕಿದ್ದರೆ ಹಿಂದಿನ ಶಾಫ್ಟು ತಿರುಗುವುದೇ ಇಲ್ಲ, ಅದನ್ನೂ ಬಿಡಬೇಕು. ಗೇರೂ ಇಲ್ಲ, ಹ್ಯಾಂಡ್‌ಬ್ರೇಕೂ ಇಲ್ಲ ಎಂದಾಗ ಗಾಡಿಯನ್ನು ಹಿಡಿಯಲು ಉಳಿಯುವುದು ಅಡೆಗಲ್ಲು ಮಾತ್ರ. ಸಮತಟ್ಟು ನೆಲದಲ್ಲಿ, ನೆಲದ ಮೇಲಿರುವ ಮೂರೂ ಚಕ್ರಗಳಿಗೆ ಹಿಂದೆ ಮುಂದೆ ಮರದ ತುಂಡು ಕೊಟ್ಟ ಮೇಲೆಯೇ ಜಾಕಿ.

ಎತ್ತಬೇಕಾದ್ದು ಒಂದೇ ಚಕ್ರ. ಎರಡನ್ನೂ ಎತ್ತಿದರೆ ಒಂದನ್ನು ತಿರುಗಿಸಿದಾಗ ಇನ್ನೊಂದು ಉಲ್ಟಾ ತಿರುಗಿ ಲೆಕ್ಕ ಕೆಡುತ್ತದೆ. ಒಂದು ಚಕ್ರ ನೆಲದಲ್ಲಿ ನಿಂತಿದ್ದಾಗ ಎತ್ತಿದ ಚಕ್ರ ಎರಡು ಸುತ್ತು ತಿರುಗಿದರೆ ಕ್ರೌನ್ ಒಂದು ಸುತ್ತು ತಿರುಗುತ್ತದೆ. ಹಾಗಾಗಿ ಚಕ್ರವನ್ನು 20 ಸುತ್ತು ತಿರುಗಿಸಿ, ಶಾಫ್ಟಿನ ಫ್ಲಾಂಜಿನ ಮೇಲಿನ ಸುಣ್ಣದ ಗುರುತು ಎಷ್ಟು ಸಲ ಬಂತೆಂದು ಎಣಿಸಿ, 10ರಿಂದ ಭಾಗಿಸಿದರೆ ಅನುಪಾತ ಸಿಗುತ್ತದೆ. ಎರಡೇ ಸುತ್ತು ತಿರುಗಿಸಿ "ಐದರ ಹತ್ತಿರ" ಎಂದು ಬಿಟ್ಟರೆ 4.88ಕ್ಕೂ 5.38ಕ್ಕೂ ವ್ಯತ್ಯಾಸ ಕಾಣದೆ ಹೋಗಬಹುದು. ಎಣಿಸಲು ಇಬ್ಬರು ಬೇಕು. ಮುಂದಿನ ಆಕ್ಸಲ್ಲಿಗೆ ಎರಡೂ ಬದಿಯ ಹಬ್ ಲಾಕ್ ಹಾಕಿರಲೇಬೇಕು. ನೆಲದಲ್ಲಿರುವ ಚಕ್ರದ ಲಾಕ್ ಬಿಟ್ಟಿದ್ದರೆ ಒಳಗಿನ ಆಕ್ಸಲ್ ಮಾತ್ರ ತಿರುಗಿ ಎಣಿಕೆ ಪ್ರತಿಸಲ ಬೇರೆ ಬರುತ್ತದೆ.

ಹಿಂದೆ 48 ಮುಕ್ಕಾಲು ಸುತ್ತು. ಮುಂದೆ 53 ಮುಕ್ಕಾಲು.

ಹಿಂದಿನದು ಕ್ರೌನಿನ 39 ಹಲ್ಲಿಗೆ ಪಿನಿಯನ್ನಿನ 8, ಅಂದರೆ 4.88. ಮುಂದಿನದು 43ಕ್ಕೆ 8, ಅಂದರೆ 5.38. ಕವರ್ ಬಿಚ್ಚಿ ಕ್ರೌನಿನ ಮೇಲೆ ಕೆತ್ತಿದ ಸಂಖ್ಯೆ ಓದಿದಾಗಲೂ ಅದೇ ಇತ್ತು. ಹಿಂದಿನ ಹೌಸಿಂಗಿನ ಬಣ್ಣ ಚಾಸಿಯ ಬಣ್ಣಕ್ಕಿಂತ ಬೇರೆಯಾಗಿತ್ತು, ಯೂ-ಬೋಲ್ಟುಗಳು ಉಳಿದವಕ್ಕಿಂತ ಹೊಸವು. ಹಿಂದೆ ಯಾರೋ ಇಡೀ ಹೌಸಿಂಗನ್ನೇ ಬದಲಿಸಿದ್ದರು. ಟಾರ್ ರಸ್ತೆಯಲ್ಲೇ ಓಡಿಸುವವರಿಗೆ ಅದರಿಂದ ಲಾಭವೇ, ಫೋರ್‌ವ್ಹೀಲ್ ಹಾಕದಿದ್ದರೆ ತೊಂದರೆ ತಿಳಿಯುವುದೂ ಇಲ್ಲ.

ಈ ಎರಡು ಸಂಖ್ಯೆಗಳ ನಡುವಿನ ಅಂತರ ಶೇಕಡಾ 10. ಚಕ್ರದ ಒಂದು ಸುತ್ತು 2.2 ಮೀಟರ್ ಎಂದಿಟ್ಟುಕೊಂಡರೆ, ಪ್ರತಿ ಸುತ್ತಿಗೂ 20 ಸೆಂಟಿಮೀಟರಿನಷ್ಟು ಯಾವುದೋ ಒಂದು ಚಕ್ರ ನೆಲದ ಮೇಲೆ ಉಜ್ಜಲೇಬೇಕು. ಹಿಂದಿನ ಚಕ್ರ ವೇಗವಾಗಿ ತಿರುಗಿ ತಳ್ಳುತ್ತದೆ, ಮುಂದಿನದು ನಿಧಾನವಾಗಿ ತಿರುಗಿ ತಡೆಯುತ್ತದೆ. ನೆಲ ಮುಂದಿನ ಚಕ್ರವನ್ನು ತಳ್ಳಿ ಅದರ ಶಾಫ್ಟಿನ ಮೂಲಕ ಶಕ್ತಿಯನ್ನು ಟ್ರಾನ್ಸ್‌ಫರ್ ಕೇಸಿಗೇ ವಾಪಸ್ ಕಳಿಸುತ್ತದೆ. ಕ್ರಾಸ್ ಉಲ್ಟಾ ಬದಿಯಲ್ಲಿ ಸವೆದದ್ದು, ಗೇರಿನಲ್ಲಿ ಗುಳಿ ಎದ್ದದ್ದು ಎರಡಕ್ಕೂ ಇದೇ ಕಾರಣ.

ಕೆಸರಿನಲ್ಲಿ ಗಾಡಿ ಚೆನ್ನಾಗಿಯೇ ಹತ್ತುತ್ತಿತ್ತು ಎಂದು ಡ್ರೈವರ್ ಹೇಳುತ್ತಿದ್ದರು. ಅದೂ ಪೂರ್ತಿ ನಿಜವಲ್ಲ. ಹಿಂದಿನ ಚಕ್ರ ಶೇಕಡಾ 10ರಷ್ಟು ಜಾರಿದ ಮೇಲೆಯೇ ಮುಂದಿನ ಚಕ್ರ ಎಳೆಯಲು ತೊಡಗುತ್ತದೆ. ಅಷ್ಟರಲ್ಲಿ ಹಿಂದಿನವು ಗುಂಡಿ ತೋಡಿಕೊಂಡಿರುತ್ತವೆ. ತೋಟದ ಏರಿನಲ್ಲಿ ಪ್ರತಿ ಮಳೆಗಾಲ ಆಳವಾದ ಚಕ್ರದ ಹೊಂಡ ಬೀಳುತ್ತಿದ್ದದ್ದಕ್ಕೆ ಮಣ್ಣನ್ನು ಬೈದುಕೊಂಡದ್ದೇ ಬಂತು. ಇಳಿಜಾರಿನಲ್ಲಿ ಸ್ಥಿತಿ ಇನ್ನೂ ಕೆಟ್ಟದ್ದು. ಎಂಜಿನ್ ಹಿಡಿತದ ಭಾರವೂ, ಹಿಂದಿನ ಚಕ್ರ ತಳ್ಳುವ ಭಾರವೂ ಸೇರಿ ಮುಂದಿನ ಟೈರುಗಳ ಮೇಲೆಯೇ ಬೀಳುತ್ತವೆ. ಅವುಗಳ ಹಿಡಿತವೆಲ್ಲ ಗಾಡಿ ತಡೆಯುವುದರಲ್ಲೇ ಮುಗಿದರೆ ತಿರುಗಿಸಲು ಏನೂ ಉಳಿಯುವುದಿಲ್ಲ. ಸಿಲ್ವರ್ ಓಕ್ ಮರಕ್ಕೆ ಹೋಗಿ ಒರಗಿದ್ದು ಹಾಗೆ.

ಯಾವುದನ್ನು ಬದಲಿಸುವುದು

ಮಾಲೀಕರ ಮೊದಲ ಒಲವು ಮುಂದಿನದನ್ನೂ 4.88 ಮಾಡುವುದರ ಕಡೆಗಿತ್ತು. ಪೇಟೆಗೆ ಹೋಗಿಬರಲು ಹಿತ, ಡೀಸೆಲ್ ಉಳಿತಾಯ. ಲೆಕ್ಕ ಹಾಕಿ ನೋಡಿದಾಗ ಆ ಲಾಭ ಅಷ್ಟು ದೊಡ್ಡದಲ್ಲ ಎಂದು ತಿಳಿಯಿತು: ಟಾಪ್ ಗೇರಿನಲ್ಲಿ 60 ಕಿ.ಮೀ ವೇಗಕ್ಕೆ 4.88ರಲ್ಲಿ ಎಂಜಿನ್ ಸುಮಾರು 2,200 ಸುತ್ತು, 5.38ರಲ್ಲಿ ಸುಮಾರು 2,450. ಈ ಗಾಡಿಯ ಬಹುಪಾಲು ಕೆಲಸ ತೋಟದೊಳಗೆ, 50 ಕೆಜಿಯ ಹತ್ತು ಮೂಟೆ ಹೇರಿಕೊಂಡು ಏರು ಹತ್ತುವುದು, ಖಾಲಿ ಇಳಿಯುವುದು. 62 ಅಶ್ವಶಕ್ತಿಯ ಎಂಜಿನ್ನಿಗೆ ಅಲ್ಲಿ ಬೇಕಾದ್ದು ದೊಡ್ಡ ಅನುಪಾತ. ಇಳಿಜಾರಿನಲ್ಲಿ ಎಂಜಿನ್ ಹಿಡಿತವೂ ಅದರಲ್ಲೇ ಹೆಚ್ಚು.

ಸಾಮಾನಿನ ಮಾತೂ ಇತ್ತು. ಮುಂದಿನ ಹೌಸಿಂಗಿಗೆ ಹೊಂದುವ 39-8 ಜೋಡಿ ಕ್ರೌನ್-ಪಿನಿಯನ್ ಸಿಗಲಿಲ್ಲ. ಬಿಡಿ ಕ್ರೌನ್ ಒಂದು ಕಡೆ, ಬಿಡಿ ಪಿನಿಯನ್ ಇನ್ನೊಂದು ಕಡೆ ಸಿಗುತ್ತಿತ್ತು. ಇವನ್ನು ಎಂದೂ ಸೇರಿಸಬಾರದು. ತಯಾರಿಕೆಯಲ್ಲೇ ಜೋಡಿಯಾಗಿ ಉಜ್ಜಿ, ಎರಡಕ್ಕೂ ಒಂದೇ ಗುರುತು ಕೆತ್ತಿರುತ್ತಾರೆ. ಹಲ್ಲಿನ ಸಂಖ್ಯೆ ಸರಿಯಿದ್ದರೂ ಬೇರೆ ಜೋಡಿಯವು ಅಳುವ ಸದ್ದು ಮಾಡಿ ಬೇಗ ಹಾಳಾಗುತ್ತವೆ. ಹಿಂದಿನ ಹೌಸಿಂಗಿಗೆ 43-8 ಜೋಡಿ ಒಂದು ಹಳೆಯ ಸಾಮಾನಿನಂಗಡಿಯಲ್ಲಿ ಸಿಕ್ಕಿತು. ಗುರುತು ತಾಳೆಯಾಗುತ್ತಿತ್ತು, ಹಲ್ಲಿನ ಅಂಚು ಚೂಪಾಗಿರಲಿಲ್ಲ, ಸವೆತ ಸಮನಾಗಿತ್ತು. ಹಿಂದಿನದನ್ನೇ ಬದಲಿಸುವುದೆಂದು ತೀರ್ಮಾನವಾಯಿತು. ಇದು ಸರಿಯಾದ ತೀರ್ಮಾನ. ಗಾಡಿ ಯಾವ ಕೆಲಸಕ್ಕೆ ಎಂಬುದನ್ನು ಮೊದಲು ಕೇಳಿಕೊಂಡದ್ದರಿಂದಲೇ ಅದು ಸುಲಭವಾಯಿತು.

ಕೆಲಸ

ಹಿಂದಿನ ಹಬ್ ಕೂರುವುದು ಮೊನೆಯಾದ ಆಕ್ಸಲ್ ತುದಿಯ ಮೇಲೆ, ಕೀಲಿಯೊಂದಿಗೆ. ಅದನ್ನು ತೆಗೆಯಲು ಪುಲ್ಲರ್ ಬೇಕೇ ಬೇಕು. ನಟ್ಟು ಸಡಿಲಿಸಿ, ತುದಿಯಲ್ಲಿ ಹಾಗೇ ಬಿಟ್ಟು, ಪುಲ್ಲರ್ ಬಿಗಿದರು. ನಟ್ಟು ಪೂರ್ತಿ ತೆಗೆದರೆ ಹಬ್ ಬಿಟ್ಟಾಗ ಹಾರಿ ಬರುತ್ತದೆ. ಸುತ್ತಿಗೆಯಿಂದ ಆಕ್ಸಲ್ ತುದಿಗೆ ಹೊಡೆದರೆ ಪೆಟ್ಟು ಬೇರಿಂಗಿಗೂ ಡಿಫರೆನ್ಷಿಯಲ್ ಮಧ್ಯದ ಬ್ಲಾಕಿಗೂ ಹೋಗುತ್ತದೆ.

ಹಳೆಯ ಪಿನಿಯನ್ ತಲೆಯ ಮೇಲೆ 0 ಎಂದೂ, ತಂದದ್ದರ ಮೇಲೆ -3 ಎಂದೂ ಇತ್ತು. ಇದು ಇಂಚಿನ ಸಾವಿರದ ಲೆಕ್ಕ. ಪಿನಿಯನ್ ಎಷ್ಟು ಆಳ ಕೂರಬೇಕೆಂಬುದರ ಸೂಚನೆ. ಋಣ ಗುರುತಿದ್ದರೆ ಶಿಮ್ (ಅಳತೆ ಹೊಂದಿಸುವ ತೆಳು ಲೋಹದ ಬಿಲ್ಲೆ) ಸೇರಿಸಬೇಕು. ಹಾಗಾಗಿ 0.08 ಮಿ.ಮೀ ಶಿಮ್ ಹೆಚ್ಚು ಹಾಕಿ ಕೂರಿಸಿದರು. ಕ್ರೌನನ್ನು ಹೊತ್ತಿರುವ ಕ್ಯಾರಿಯರ್ ಬೇರಿಂಗಿನ ಹಿಂದಿನ ಶಿಮ್ಮುಗಳನ್ನು ಪ್ರತಿಸಲ ಬದಲಿಸಲು ಬೇರಿಂಗ್ ಎಳೆಯಬೇಕಾಗುತ್ತದೆ. ಹೊಸ ಬೇರಿಂಗನ್ನು ನಾಲ್ಕು ಸಲ ಎಳೆದು ಕೂರಿಸಿದರೆ ಅದು ಹೊಸದಾಗಿ ಉಳಿಯುವುದಿಲ್ಲ. ಅದಕ್ಕೆ ಮೇಸ್ತ್ರಿ ಹಳೆಯ ಬೇರಿಂಗಿನ ಒಳಬದಿಯನ್ನು ತುಸು ಉಜ್ಜಿ ಸಡಿಲಮಾಡಿ ಅಳತೆಗೆಂದೇ ಇಟ್ಟುಕೊಂಡಿದ್ದರು. ಅಳತೆ ಎಲ್ಲ ಅದರಲ್ಲಿ, ಕೊನೆಗೊಮ್ಮೆ ಹೊಸದು.

ಮೊದಲ ಸಲ ಬ್ಯಾಕ್‌ಲ್ಯಾಶ್ (ಕ್ರೌನ್, ಪಿನಿಯನ್ ಹಲ್ಲುಗಳ ನಡುವಿನ ಸಡಿಲ) 0.35 ಮಿ.ಮೀ ಬಂತು, ತೀರಾ ಸಡಿಲ. ಒಂದು ಬದಿಯ ಶಿಮ್ ತೆಗೆದು ಇನ್ನೊಂದು ಬದಿಗೆ ಹಾಕುತ್ತ, ಒಟ್ಟು ಶಿಮ್ ಬದಲಾಗದಂತೆ, ಕ್ರೌನನ್ನು ಪಿನಿಯನ್ ಕಡೆ ಸರಿಸಿ 0.18ಕ್ಕೆ ತಂದರು. ಡಯಲ್ ಗೇಜಿನಲ್ಲಿ ಕ್ರೌನಿನ ಸುತ್ತ ನಾಲ್ಕು ಕಡೆ ಅಳೆದರು, ಒಂದೇ ಕಡೆ ಅಳೆದರೆ ಕ್ರೌನ್ ಓರೆಯಾಗಿದ್ದರೂ ಗೊತ್ತಾಗುವುದಿಲ್ಲ. ಹಲ್ಲುಗಳು ಎಲ್ಲಿ ತಾಗುತ್ತವೆಂದು ನೋಡಲು ನೀಲಿ ಬಣ್ಣ ಹಚ್ಚಿ ತಿರುಗಿಸಿದಾಗ ಗುರುತು ಹಲ್ಲಿನ ಮಧ್ಯಕ್ಕೆ, ತುಸು ಒಳತುದಿಯ ಕಡೆಗೆ ಬಿತ್ತು. ಭಾರ ಬಿದ್ದಾಗ ಅದು ಹೊರಗೆ ಸರಿಯುತ್ತದೆ, ಅಷ್ಟು ಸರಿ.

ಪಿನಿಯನ್ ಸೀಲ್, ನಟ್ಟು ಹೊಸದು. ಹೌಸಿಂಗಿನ ಉಸಿರುಗೊಳವೆ ಮಣ್ಣು ಕಟ್ಟಿಕೊಂಡಿತ್ತು, ಅದನ್ನು ತೆರೆದರು. ಅದು ಮುಚ್ಚಿದ್ದರೆ ಬಿಸಿಯಾದ ಗಾಳಿ ಎಣ್ಣೆಯನ್ನು ಸೀಲಿನ ಮೂಲಕ ಬ್ರೇಕ್ ಡ್ರಮ್ಮಿಗೆ ತಳ್ಳುತ್ತದೆ. ಲೆವೆಲ್ ಪ್ಲಗ್ಗಿನ ಅಂಚಿನವರೆಗೆ ಇಪಿ 90. ಮೊದಲ 20 ಕಿ.ಮೀ ಖಾಲಿ ಓಡಿಸಿ, ನಿಲ್ಲಿಸಿ, ಹೌಸಿಂಗ್ ಕೈಯಲ್ಲಿ ಮುಟ್ಟುವಷ್ಟು ತಣಿಯುವವರೆಗೆ ಬಿಟ್ಟರು. 300 ಕಿ.ಮೀವರೆಗೆ ಹೇರು ಹಾಕಲಿಲ್ಲ. 800ಕ್ಕೆ ಎಣ್ಣೆ ಬದಲಾಯಿಸಿದರು.

ನಂತರ

ಕಣದಲ್ಲಿ ಅದೇ 20 ಮೀಟರ್ ಓಡಿಸಿ ನಿಲ್ಲಿಸಿದಾಗ ಲಿವರ್ ಎರಡು ಬೆರಳಿಗೆ ಬಂತು. ಪೇಟೆಯ 24 ಕಿ.ಮೀಗೆ ಮೀಟರ್ 24 ತೋರಿಸಿತು. ಮುಂದಿನ ಮಳೆಗಾಲ ಪೂರ್ತಿ ಅದೇ ಕ್ರಾಸ್ ಬಾಳಿತು. ಏರಿನಲ್ಲಿ ಬೀಳುವ ಹೊಂಡ ಎದ್ದು ಕಾಣುವಷ್ಟು ಕಡಿಮೆಯಾಯಿತು. ಇಳಿಜಾರಿನಲ್ಲಿ ಮೊದಲು ಖಾಲಿ, ಆಮೇಲೆ ಅರ್ಧ ಹೇರಿನಲ್ಲಿ ಇಳಿಸಿ ನೋಡಿ, ಸ್ಟಿಯರಿಂಗ್ ಮಾತು ಕೇಳುತ್ತಿದೆ ಎಂದು ಖಾತ್ರಿಯಾದ ಮೇಲೆಯೇ ಪೂರ್ತಿ ಹೇರು ಹಾಕಿದರು.

ಡೀಸೆಲ್ ಲೆಕ್ಕದಲ್ಲಿ ಒಂದು ವಿಚಿತ್ರ ಕಂಡಿತು. ಟಾರ್ ರಸ್ತೆಯಲ್ಲಿ ಎಂಜಿನ್ ಹೆಚ್ಚು ತಿರುಗುತ್ತಿದ್ದರೂ ರೈಟರ್ ಬರೆದಿಡುತ್ತಿದ್ದ ಪುಸ್ತಕದಲ್ಲಿ ಮೈಲೇಜ್ ಇಳಿಯಲಿಲ್ಲ. ಮೊದಲು ಮೀಟರ್ ಕಡಿಮೆ ತೋರಿಸುತ್ತಿದ್ದರಿಂದ ಹಳೆಯ ಮೈಲೇಜೂ ಹತ್ತನೇ ಒಂದು ಭಾಗ ಕಡಿಮೆಯಾಗಿ ದಾಖಲಾಗಿತ್ತು. ನಿಜವಾದ ಇಳಿಕೆ ಆ ತಪ್ಪಿನೊಳಗೆ ಮುಚ್ಚಿಹೋಯಿತು.

ಕ್ರಾಸುಗಳು, ಟ್ರಾನ್ಸ್‌ಫರ್ ಕೇಸ್ ಕೆಲಸ, ನಾಲ್ಕು ಟೈರು, ಬಂಪರ್ ಇವಕ್ಕೆ ಸುರಿದ ಹಣ ಹಿಂದಿನ ಆಕ್ಸಲ್ ಕೆಲಸಕ್ಕಿಂತ ಬಹಳ ಹೆಚ್ಚು. ಎಣಿಕೆಗೆ ಬೇಕಾದ್ದು ಒಂದು ಜಾಕಿ, ಸೀಮೆಸುಣ್ಣ, ಇಬ್ಬರು ಜನ, ಅರ್ಧ ಗಂಟೆ. ಹಳೆಯ ಸಿಜೆ, ಎಂಎಂ, ಕಮಾಂಡರ್, ಮೇಜರ್ ಯಾವುದನ್ನೇ ಕೊಳ್ಳುವವರು, ಅದರಲ್ಲೂ ಹರಿಯಾಣದ ಡಬ್ವಾಲಿಯಂಥ ಕಡೆ ಬಿಡಿ ಸಾಮಾನಿನಿಂದ ಕಟ್ಟಿಸಿದ ಗಾಡಿ ಕೊಳ್ಳುವವರು, ಹಣ ಕೊಡುವ ಮೊದಲೇ ಎರಡೂ ಆಕ್ಸಲ್ಲುಗಳನ್ನು ಹೀಗೆ ಎಣಿಸಬೇಕು. ಮಾರುವವರು ಬಿಡದಿದ್ದರೆ ಕನಿಷ್ಠ ಎರಡು ಕೆಲಸ: ಕಿಲೋಮೀಟರ್ ಕಲ್ಲುಗಳ ನಡುವೆ ಮೀಟರ್ ತಾಳೆ ನೋಡುವುದು, ಗಟ್ಟಿ ನೆಲದಲ್ಲಿ ಫೋರ್‌ವ್ಹೀಲ್ ಹಾಕಿ ನೇರವಾಗಿ 20 ಮೀಟರ್ ಓಡಿಸಿ ಲಿವರ್ ತೆಗೆಯುವುದು. ತಿರುವಿನಲ್ಲಿ ಬಿಗಿದರೆ ಅದು ಆ ಗಾಡಿಯ ಸ್ವಭಾವ. ನೇರದಲ್ಲಿ ಬಿಗಿದರೆ ಟೈರು ಅಳೆಯಿರಿ, ಟೈರು ಸರಿಯಿದ್ದರೆ ಸುತ್ತು ಎಣಿಸಿ. ಹೌಸಿಂಗ್ ಬದಲಿಸಬೇಕಾಗಿ ಬಂದವರು ಅಂಗಡಿಯಲ್ಲೇ ಕವರ್ ಬಿಚ್ಚಿಸಿ ಕ್ರೌನಿನ ಸಂಖ್ಯೆ ಓದಿ ತರಬೇಕು. "ಅದೇ ಗಾಡಿದು" ಎಂಬ ಭರವಸೆ ಇಲ್ಲಿ ಸಾಲದು.

ಒಂದು ಕೆಲಸ ಮಾತ್ರ ಬಾಕಿ ಉಳಿದಿದೆ. ಗುಳಿ ಬಿದ್ದ ಮಧ್ಯದ ಗೇರು ಲೋ ರೇಂಜಿನಲ್ಲಿ ಈಗಲೂ ಗುನುಗುತ್ತದೆ. ಎಣ್ಣೆ ಬದಲಿಸುವಾಗ ಪ್ಲಗ್ಗಿನಲ್ಲಿ ಲೋಹದ ಚೂರು ಕಾಣದಿರುವವರೆಗೆ ಓಡಿಸಬಹುದು ಎಂದು ಮೇಸ್ತ್ರಿ ಹೇಳಿದ್ದಾರೆ. ರೊಬಸ್ಟಾ ಕೊಯ್ಲು ಮುಗಿದ ಮೇಲೆ, ಮಳೆಗೆ ಮುಂಚೆ, ಟ್ರಾನ್ಸ್‌ಫರ್ ಕೇಸ್ ಮತ್ತೊಮ್ಮೆ ಇಳಿಸಿ ಆ ಗೇರು, ಅದರ ಶಾಫ್ಟು, ಬದಿಯ ವಾಷರುಗಳನ್ನು ಒಟ್ಟಿಗೇ ಬದಲಿಸುವುದೆಂದು ನಿಗದಿಯಾಗಿದೆ.